ಮಲ್ಲಿಗೆಗೆ ಯಾವ ದಿಕ್ಕಿನ ಕಿಟಕಿ?

ನರ್ಸರಿಯಿಂದ ಬಂದಾಗ ದುಂಡುಮಲ್ಲಿಗೆ ಗಿಡಕ್ಕೆ ಮೈತುಂಬ ಮೊಗ್ಗು. ತಿಂಗಳೆರಡು ಕಳೆಯುವಷ್ಟರಲ್ಲಿ ಬರೀ ಎಲೆ. ನೀರು ಹೆಚ್ಚಾಯಿತೇನೋ, ಗೊಬ್ಬರ ಸಾಲದೇನೋ ಎಂದು ಮನೆಯವರಿಗೆ ಚಿಂತೆ. ಇವೆರಡೂ ಆಮೇಲಿನ ಮಾತು. ಮನೆಯೊಳಗಿನ ಮಲ್ಲಿಗೆ ಹೂ ಬಿಡುವುದೂ ಬಿಡದಿರುವುದೂ ಕಿಟಕಿಯ ಕೈಯಲ್ಲಿದೆ.

ಈ ಗಿಡಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು, ಬರೀ ಬೆಳಕು ಸಾಲದು. ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಚಾಚುವುದನ್ನು ಕಂಡು ಬಹಳ ಜನ ಕುಂಡವನ್ನು ಅಲ್ಲೇ ಇಟ್ಟುಬಿಡುತ್ತಾರೆ. ಆದರೆ ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಮುಗಿಯುವಾಗ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಏಪ್ರಿಲ್ ಕೊನೆಯ ವಾರ ನೆತ್ತಿ ದಾಟಿ ಉತ್ತರಕ್ಕೆ ವಾಲಿದವನು ಆಗಸ್ಟ್ ಮಧ್ಯದವರೆಗೂ ಅತ್ತಲೇ. ಮಲ್ಲಿಗೆಯ ಸುಗ್ಗಿಯೂ ಬೇಸಿಗೆಯಲ್ಲೇ. ಹೂವಿಗೆ ಬಿಸಿಲು ಬೇಕಾದ ಹೊತ್ತಿಗೇ ದಕ್ಷಿಣದ ಕಿಟಕಿ ಕೈಕೊಡುತ್ತದೆ. ಪೂರ್ವದ ಕಿಟಕಿ ಹಾಗಲ್ಲ. ಎದುರಿಗೆ ಕಟ್ಟಡ ಅಡ್ಡ ಬರದಿದ್ದರೆ ವರ್ಷವಿಡೀ ಬೆಳಗಿನ ಬಿಸಿಲು ಕೊಡುತ್ತದೆ. ಪಶ್ಚಿಮದ್ದೂ ಆದೀತು, ಆದರೆ ಮಣ್ಣು ಬೇಗ ಒಣಗುತ್ತದೆ. ಕುಂಡ ಗಾಜಿಗೆ ಒತ್ತಿಕೊಂಡೇ ಇರಲಿ. ಎರಡಡಿ ಹಿಂದೆ ಸರಿದರೂ ನಷ್ಟವೇ.

ಇನ್ನು ಕತ್ತರಿ. ಗಿಡದ ಮೇಲಿನ ಪ್ರೀತಿಯಿಂದ ಜನ ಕತ್ತರಿ ಹಾಕಲು ಹಿಂಜರಿಯುತ್ತಾರೆ. ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಹಿಂಜರಿದರೆ ಹೂವಿಲ್ಲ. ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿ, ಕೊನೆಯ ವಾರದಲ್ಲಿ ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಒಂದು ಜೋಡಿಯ ತುಸು ಮೇಲೆ ಕತ್ತರಿಸಿದರೆ ಎರಡೂ ಎಲೆಗಳ ಬುಡದಿಂದ ಚಿಗುರು ಒಡೆಯುತ್ತದೆ. ಆ ಚಿಗುರಿನ ತುದಿಯನ್ನು ಹತ್ತಿರದಿಂದ ನೋಡಿ: ಸಾಮಾನ್ಯವಾಗಿ ಮೂರು ಮೊಗ್ಗು. ನಡುವಿನದು ಮೊದಲು ಉಬ್ಬಿ ಮೊದಲು ಅರಳುತ್ತದೆ, ಅಕ್ಕಪಕ್ಕದವು ನಂತರ. ಹಸಿರು ಬಿಟ್ಟು ಅಚ್ಚ ಬಿಳಿಯಾದ ಮೊಗ್ಗನ್ನು ಬೆಳಿಗ್ಗೆ ಕಂಡರೆ ಸಂಜೆಗೆ ಮನೆ ಘಮಘಮ.

ಗೊಬ್ಬರ ಎಂದರೆ ಮಲ್ಲಿಗೆಗೆ ಹೆಸರಾದ ಶಂಕರಪುರದ ಬೆಳೆಗಾರರ ಹಾಗೆ ನೆನೆಸಿದ ನೆಲಗಡಲೆ ಹಿಂಡಿಯೇ. ಆದರೆ ಅದರ ನಾತ ಮನೆಯೊಳಗೆ ತಡೆಯುವಂಥದ್ದಲ್ಲ, ಇಲ್ಲಿಗೆ ಎರೆಗೊಬ್ಬರ ಸಾಕು. ಬೋರ್‌ವೆಲ್ಲಿನ ಗಡುಸು ನೀರು ಕುಡಿದ ಗಿಡದಲ್ಲಿ ನರ ಹಸಿರಾಗಿಯೇ ಉಳಿದು ಎಳೆ ಎಲೆ ಹಳದಿಯಾಗುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಮೊದಲ ಪಾಲು ಮಲ್ಲಿಗೆಗೆ. ಫ್ಯಾನು, ಏಸಿಯ ಒಣಗಾಳಿಗೆ ಎಲೆಯಡಿ ಕೆಂಪು ನುಸಿ ಸೇರುತ್ತದೆ. ಎಲೆಯ ಕೆಳಗೂ ನೀರು ಚಿಮುಕಿಸಿ ತೊಳೆಯಿರಿ.

ಕುಂಡವನ್ನು ಹಾಲ್‌ನಲ್ಲಿ ಇಡುವುದೇ ಮೇಲು. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ಗಾಢವಾದ ಅಂಶವಿದೆ, ಮುಚ್ಚಿದ ಮಲಗುವ ಕೋಣೆಯಲ್ಲಿ ಕೆಲವರಿಗೆ ತಲೆನೋವು ತರುತ್ತದೆ. ಮೊದಲ ಸರದಿಯ ಹೂ ಮುಗಿದ ಕೂಡಲೇ ಆ ತುದಿಗಳನ್ನೆಲ್ಲ ಒಂದು ಜೋಡಿ ಎಲೆ ಕೆಳಗಿನವರೆಗೆ ಚಿವುಟಿ, ಒಂದು ಹಿಡಿ ಎರೆಗೊಬ್ಬರ ಹಾಕಿ. ಬಿಸಿಲಿರುವಷ್ಟು ದಿನ ಮುಂದಿನ ಸರದಿ ಬರುತ್ತಲೇ ಇರುತ್ತದೆ.