ದೀನಳು ಏನೆಂದಳು?

ಭಾನುವಾರ ನಮ್ಮ ಓದುಬಳಗದಲ್ಲಿ ಅನಿತಾ ಡಯಾಮಂಟ್ ಅವರ ‘ದಿ ರೆಡ್ ಟೆಂಟ್’ ಚರ್ಚೆಗೆ ಬಂತು. ಮೂರು ದಿನವಾದರೂ ತಲೆಯಿಂದ ಇಳಿದಿಲ್ಲ.

1997ರಲ್ಲಿ ಬಂದ ಈ ಕಾದಂಬರಿ ಬೆಳೆದದ್ದು ಜಾಹೀರಾತಿನಿಂದಲ್ಲ, ಅಮೆರಿಕದ ಓದುಬಳಗಗಳ ಹೆಂಗಸರು ಒಬ್ಬರಿಗೊಬ್ಬರು ಹೇಳಿ ಓದಿಸಿದ್ದರಿಂದ. ಬೈಬಲಿನ ಯಾಕೋಬನ ಮಗಳು ದೀನಳೇ ಇಲ್ಲಿ ಕಥೆ ಹೇಳುವವಳು. ಯಾಕೋಬನ ಹೆಂಡಂದಿರಾದ ಲೇಯ, ರಾಹೇಲ, ಜಿಲ್ಪ, ಬಿಲ್ಹ ನಾಲ್ವರೂ ಅವಳಿಗೆ ತಾಯಂದಿರೇ.

ಕಾಫಿ ಆರುವ ಮೊದಲೇ ಒಬ್ಬರು ಕೇಳಿದರು: ‘ಇದೆಲ್ಲ ಬೈಬಲಿನಲ್ಲಿ ಇದೆಯೇ?’ ಈ ಪಂಥದವರ ಜೊತೆ ನನ್ನ ಜಗಳ ಹಳೆಯದು. ‘ಪರ್ವ’ ಓದಿದಾಗಲೂ ವ್ಯಾಸರ ಜೊತೆ ತಾಳೆ ನೋಡುತ್ತ ಕೂತವರು ಇವರೇ. ತಾಳೆ ನೋಡುವುದಾದರೆ ಮೂಲವನ್ನಾದರೂ ನಿಧಾನವಾಗಿ ಓದಬೇಡವೇ?

ಬೈಬಲಿನ ಆದಿಕಾಂಡದಲ್ಲಿ ಲೇಯ ಒಬ್ಬೊಬ್ಬ ಮಗನಿಗೆ ಹೆಸರಿಡುವಾಗಲೂ ಅದಕ್ಕೊಂದು ಕಾರಣ ಹೇಳುತ್ತಾಳೆ. ಮಗಳ ಸರದಿ ಬಂದಾಗ ಬರೀ ಹೆಸರು. ಹೀಬ್ರೂವಿನಲ್ಲಿ ಅದು ನ್ಯಾಯತೀರ್ಪಿನ ನಂಟಿರುವ ಹೆಸರು. ಕನ್ನಡದ ಕಿವಿಗೆ ‘ದೀನ’ ಬೇರೆಯೇ ಕೇಳಿಸುತ್ತದೆ.

ಇನ್ನು 34ನೇ ಅಧ್ಯಾಯ. ಎಷ್ಟು ಸಲ ಓದಿದರೂ ಎದೆ ಝಲ್ಲೆನ್ನುವ ಗದ್ಯ. ಆ ನಾಡಿನ ಹೆಣ್ಣುಮಕ್ಕಳನ್ನು ನೋಡಲು ದೀನಳು ಹೊರಡುತ್ತಾಳೆ. ಹಮೋರನ ಮಗ ಶೆಕೆಮ ಕಾಣುತ್ತಾನೆ, ಹಿಡಿಯುತ್ತಾನೆ, ಕೆಡಿಸುತ್ತಾನೆ. ಆಮೇಲೆ ಅವಳಲ್ಲೇ ಮನಸ್ಸು ನೆಟ್ಟು ಒಲಿಸುವ ಮಾತಾಡುತ್ತಾನೆ. ಅವಳು ಏನೆಂದಳು? ಒಂದಕ್ಷರವಿಲ್ಲ. ಅಪ್ಪ ಸುಮ್ಮನಿರುತ್ತಾನೆ, ಅಣ್ಣಂದಿರು ಕುದಿಯುತ್ತಾರೆ, ಎಷ್ಟು ತೆರ ಕೇಳಿದರೂ ಕೊಡುತ್ತೇನೆನ್ನುತ್ತಾನೆ ವರ. ಊರಿನ ಗಂಡಸರೆಲ್ಲ ಸುನ್ನತಿ ಮಾಡಿಸಿಕೊಳ್ಳಲಿ ಎಂಬ ಷರತ್ತು ಬೀಳುತ್ತದೆ. ಮೂರನೇ ದಿನ, ಅವರು ಗಾಯದ ನೋವಿನಲ್ಲಿರುವಾಗ, ಸಿಮೆಯೋನ ಮತ್ತು ಲೇವಿ ಕತ್ತಿ ಹಿಡಿದು ಬಂದು ಎಲ್ಲರನ್ನೂ ಕೊಲ್ಲುತ್ತಾರೆ. ತಂಗಿಯನ್ನು ಶೆಕೆಮನ ಮನೆಯಿಂದ ಕರೆದುಕೊಂಡು ಹೊರಟರೆಂಬ ಸಂಗತಿ ಆಗ, 26ನೇ ವಚನದಲ್ಲಿ ಬರುತ್ತದೆ. ಅಂದರೆ ಅಷ್ಟೂ ಮಾತುಕತೆ ನಡೆಯುವಾಗ ಅವಳು ಆ ಮನೆಯೊಳಗೇ ಇದ್ದಳು! ಸೆರೆಯಾಳಾಗಿಯೋ, ಸೊಸೆಯಾಗಿಯೋ, ಯಾರೂ ಹೇಳುವುದಿಲ್ಲ.

ಡಯಾಮಂಟ್ ಕಾಲಿಟ್ಟದ್ದು ಆ ಮನೆಯೊಳಗೆ. ಅವರ ದೀನಳು ಪ್ರೀತಿಸಿ ಕೂಡಿದವಳು. ಹಾಗೆ ಬರೆಯುವ ಹಕ್ಕು ಅವರಿಗಿದೆ. ಆದರೆ ಪ್ರೀತಿ ಎಂದು ಅಷ್ಟು ಖಚಿತವಾಗಿ ಹೇಳಿಬಿಟ್ಟರೆ, ಅವಳು ಬೇಡ ಎಂದಿದ್ದರೆ ಆ ‘ಬೇಡ’ ಇನ್ನೊಂದು ಸಲ ಹೂತುಹೋಗುತ್ತದೆ. ನನಗೆ ಈ ಕಾದಂಬರಿಯಲ್ಲಿ ತುಂಬ ಹಿಡಿಸಿದ್ದು ಹೆರಿಗೆಯ ಪುಟಗಳು. ಆದಿಕಾಂಡದಲ್ಲಿ ರಾಹೇಲಳು ಹೆತ್ತು ಸಾಯುವಾಗ ಧೈರ್ಯ ಹೇಳುವ ಸೂಲಗಿತ್ತಿಗೆ ಹೆಸರೇ ಇಲ್ಲ. ಡಯಾಮಂಟ್ ದೀನಳನ್ನೇ ಸೂಲಗಿತ್ತಿ ಮಾಡಿದ್ದಾರೆ. ಆ ಕೈಗಳ ಕೆಲಸವನ್ನು ಬರೆಯುವಾಗ ಅವರ ಗದ್ಯಕ್ಕೆ ಬೇರೆಯದೇ ಕಸುವು.

ಕೆಂಪು ಗುಡಾರ ಮಾತ್ರ ಆದಿಕಾಂಡದ್ದಲ್ಲ, ಕಾದಂಬರಿಕಾರ್ತಿ ಕಟ್ಟಿದ್ದು. ಮುಟ್ಟಾದ ಹೆಂಗಸರಿಗೆ ಅಲ್ಲಿ ಹುಲ್ಲಿನ ಹಾಸು, ಸಿಹಿತಿನಿಸು, ಹಾಡು, ಕಥೆ, ಮೂರು ದಿನದ ಬಿಡುವು. ನಾವೆಲ್ಲ ಅದನ್ನೇ ಹೊಗಳುತ್ತಿದ್ದೆವು. ಕಾಡುಗೊಲ್ಲರ ಹಟ್ಟಿಯಲ್ಲಿ ಬೆಳೆದ ಹಿರಿಯಕ್ಕ ಒಬ್ಬರು ನಮ್ಮ ಬಳಗದಲ್ಲಿದ್ದಾರೆ. ಅವರು ಪುಸ್ತಕ ಮಡಚಿ ಮಡಿಲಲ್ಲಿಟ್ಟುಕೊಂಡರು.

‘ನಮ್ಮ ಹಟ್ಟಿ ಆಚೆಗೂ ಗುಡ್ಲಿತ್ತು. ಹೊರಗಾದೋರು ಅಲ್ಲೇ, ಬಾಣಂತಿ ಕೂಸು ಎಲ್ಲಾ ಅಲ್ಲೇ. ಮಳೆ ಬಂದ್ರೆ ಸೋರೋದು.’

‘ಹಾಡೋದು ಗೀಡೋದು ಇರ್ಲಿಲ್ವಾ ಅಕ್ಕಾ?’ ಎಂದಳು ಪಕ್ಕದ ಹುಡುಗಿ.

‘ಹಾಡ್ತಿದ್ವಿ ಕಣವ್ವಾ. ನಿದ್ದೆ ಹತ್ತಬಾರ್ದಲ್ಲ. ಕತ್ಲಾಗೆ ಕೂಸಿನ ತಾವ ಹುಳಹುಪ್ಪಟೆ ಬರ್ತಾವೆ.’