ಇಳಿದ ಆಯಿಲ್ ಹೋದದ್ದೆಲ್ಲಿಗೆ?

ಸರ್ವಿಸ್‌ಗೆ ಬಿಟ್ಟ ಹಳೆಯ ಕಾರು ವಾಪಸು ಬರುವಾಗ ಬಿಲ್ಲಿನಲ್ಲಿ 'ಪವರ್ ಸ್ಟಿಯರಿಂಗ್ ಆಯಿಲ್ ಟಾಪ್ ಅಪ್' ಎಂಬ ಸಾಲು ಇರುವುದು ಅಪರೂಪವೇನಲ್ಲ. ಮೊತ್ತ ಸಣ್ಣದಾದ್ದರಿಂದ ಯಾರೂ ಕೇಳುವುದಿಲ್ಲ. ಆಯಿಲ್ ಕಮ್ಮಿಯಿತ್ತು, ಹಾಕಿದರು, ಮುಗಿಯಿತು ಎಂದುಕೊಳ್ಳುತ್ತೇವೆ. ನನ್ನ ತಕರಾರು ಇರುವುದು ಈ ರೂಢಿಯ ಮೇಲೆಯೇ. ಯಾಕೆ ಇಳಿಯಿತು ಎಂದು ಹುಡುಕದೆ ಸ್ಟಿಯರಿಂಗ್ ಆಯಿಲ್ ತುಂಬಿಸುವುದಕ್ಕೆ ನಿರ್ವಹಣೆ ಎಂಬ ಹೆಸರು ಸಲ್ಲದು. ಗಾಡಿ ತಾನಾಗಿ ಕೊಟ್ಟ ಸುಳಿವನ್ನು ಅದು ಅಳಿಸಿಹಾಕುತ್ತದೆ.

ಬಾನೆಟ್ ಎತ್ತಿದಾಗ ಕಾಣುವ ಉಳಿದ ದ್ರವಗಳ ಪಕ್ಕ ಇದನ್ನಿಟ್ಟು ನೋಡಬೇಕು. ಎಂಜಿನ್ ಆಯಿಲ್ ಸ್ವಲ್ಪಸ್ವಲ್ಪವಾಗಿ ಪಿಸ್ಟನ್ ರಿಂಗ್ ದಾಟಿ ಉರಿದುಹೋಗುತ್ತದೆ. ಗಾಜು ತೊಳೆಯುವ ನೀರು ಖರ್ಚಾಗಲೆಂದೇ ಇರುವುದು. ಬ್ರೇಕ್ ಆಯಿಲ್ ಎಲ್ಲೂ ಸೋರದಿದ್ದರೂ ಇಳಿಯುತ್ತದೆ: ಪ್ಯಾಡ್ ಸವೆದ ಹಾಗೆ ಕ್ಯಾಲಿಪರ್‌ನ ಪಿಸ್ಟನ್ ಮುಂದೆ ಸರಿಯುತ್ತದೆ, ಹಿಂದೆ ಖಾಲಿಯಾದ ಜಾಗಕ್ಕೆ ಆಯಿಲ್ ಇಳಿದು ತುಂಬಿಕೊಳ್ಳುತ್ತದೆ. ಸ್ಟಿಯರಿಂಗ್ ಆಯಿಲ್‌ಗೆ ಇಂಥ ನೆಪ ಒಂದೂ ಇಲ್ಲ. ಡಬ್ಬಿಯಿಂದ ಪಂಪಿಗೆ, ಪಂಪಿನಿಂದ ಚಕ್ರಗಳನ್ನು ತಿರುಗಿಸುವ ರ‍್ಯಾಕಿಗೆ, ಅಲ್ಲಿಂದ ಮತ್ತೆ ಡಬ್ಬಿಗೆ ಸುತ್ತುವುದಷ್ಟೇ ಅದರ ಕೆಲಸ. ಉರಿಯುವುದಿಲ್ಲ, ಇನ್ನೊಂದು ಭಾಗ ಸವೆಯಿತೆಂದು ಇಳಿಯುವುದೂ ಇಲ್ಲ. ಬಿಸಿಯಾದಾಗ ಹಿಗ್ಗುತ್ತದೆ ಎಂಬುದು ನಿಜ. ಅದಕ್ಕೆಂದೇ ಎಷ್ಟೋ ಡಬ್ಬಿಗಳ ಮೇಲೆ 'ಹಾಟ್', 'ಕೋಲ್ಡ್' ಎಂದು ಬೇರೆಬೇರೆ ಗೆರೆಗಳಿರುತ್ತವೆ. ಬೆಳಗಿನ ತಣ್ಣನೆ ಆಯಿಲನ್ನು ಬಿಸಿ ಗೆರೆಗೆ ಹೋಲಿಸಿ ಕಮ್ಮಿಯಿದೆ ಎಂದು ತುಂಬಿಸಿದರೆ, ಗಾಡಿ ಓಡಿ ಬಿಸಿಯಾದಾಗ ಅದು ಮುಚ್ಚಳದಿಂದ ಉಕ್ಕಿ ಹೊಸ ಸೋರಿಕೆಯ ಹಾಗೆ ಕಾಣುತ್ತದೆ. ಈ ತಪ್ಪು ಎಣಿಕೆಯನ್ನು ಬಿಟ್ಟರೆ, ತಿಂಗಳಿಂದ ತಿಂಗಳಿಗೆ ಮಟ್ಟ ಇಳಿಯುತ್ತಿದೆ ಎಂದರೆ ಆಯಿಲ್ ಹೊರಗೆ ಹೋಗುತ್ತಿದೆ ಎಂದೇ ಲೆಕ್ಕ.

'ನೆಲದ ಮೇಲೆ ಒಂದು ತೊಟ್ಟೂ ಬಿದ್ದಿಲ್ಲವಲ್ಲ' ಎಂಬ ಮಾತು ಗ್ಯಾರೇಜಿನಲ್ಲೂ ಮನೆಯಲ್ಲೂ ಕೇಳಿಬರುತ್ತದೆ. ನೆಲ ಒಣಗಿರುವುದು ಸೋರಿಕೆ ಇಲ್ಲ ಎಂಬುದಕ್ಕೆ ಸಾಕ್ಷಿಯಾಗದು. ರ‍್ಯಾಕ್‌ನ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಒಳಗಿನ ಆಯಿಲ್ ಸೀಲ್ ಸೋತರೆ ಆಯಿಲ್ ಮೊದಲು ಸೇರುವುದು ಆ ಬೂಟಿನೊಳಗೆ. ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಗಾಡಿ ಎತ್ತಿ ಬೂಟನ್ನು ಬೆರಳಿನಿಂದ ಒತ್ತಿದರೆ ಒಳಗೆ ಏನೋ ಕುಲುಕಿದಂತಾಗುತ್ತದೆ. ಕ್ಲಿಪ್ ಸಡಿಲಿಸಿದರೆ ಕೆಂಪೋ ಕಂದೋ ಬಣ್ಣದ ಆಯಿಲ್ ಕೈಮೇಲೆ ಇಳಿಯುತ್ತದೆ. ಪೈಪುಗಳ ಕಥೆ ಬೇರೆ. ಒಳ್ಳೆಯ ಪೈಪಿನ ಮೇಲೆ ಕೂತ ಧೂಳು ಒಣಗಿರುತ್ತದೆ, ಒರೆಸಿದರೆ ಹೋಗುತ್ತದೆ. ಜಿನುಗುವ ಕಡೆ ಅದು ಕಪ್ಪು ಅಂಟಾಗಿ ಮೆತ್ತಿಕೊಂಡಿರುತ್ತದೆ. ಒಮ್ಮೆ ಚೆನ್ನಾಗಿ ಒರೆಸಿ, ಗಾಡಿ ಓಡಿಸಿ, ಮತ್ತೆ ನೋಡಿದರೆ ಎಲ್ಲಿ ಹಸಿಯಾಗಿದೆ ಎಂಬುದು ತಿಳಿದುಹೋಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಬಟ್ಟೆ, ಒಂದು ಟಾರ್ಚ್ ಮತ್ತು ಸ್ವಲ್ಪ ವ್ಯವಧಾನ. ಮಲೆನಾಡು, ಕರಾವಳಿಯಲ್ಲಿ ಓಡುವ ಗಾಡಿಗಳಿಗಂತೂ ಬೂಟ್ ನೋಡುವುದು ಅಗತ್ಯ. ಅದು ಹರಿದರೆ ಮಳೆಗಾಲದ ಕೆಸರುನೀರು ಒಳಗೆ ನುಗ್ಗಿ ಅಲ್ಲಿನ ರಾಡಿಗೆ ತುಕ್ಕು ಹಿಡಿಯುತ್ತದೆ, ಆ ಒರಟು ರಾಡ್ ಹಿಂದೆಮುಂದೆ ಸರಿಯುವಾಗಲೆಲ್ಲ ಸೀಲನ್ನು ಕೊಯ್ಯುತ್ತದೆ. ಸಣ್ಣ ರಬ್ಬರ್ ಬೂಟೊಂದನ್ನು ಕಡೆಗಣಿಸಿದ್ದಕ್ಕೆ ಇಡೀ ರ‍್ಯಾಕ್ ಬಿಚ್ಚಬೇಕಾಗುತ್ತದೆ.

ಆಗಾಗ ತುಂಬಿಸುತ್ತಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು, ಯಾಕೆಂದರೆ ಎರಡು ಟಾಪ್ ಅಪ್‌ಗಳ ನಡುವೆ ಮಟ್ಟ ಎಷ್ಟು ಕೆಳಗಿಳಿದಿತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಡಬ್ಬಿ ತಳ ಕಂಡಾಗ ಪಂಪ್ ಗಾಳಿ ಎಳೆದುಕೊಳ್ಳುತ್ತದೆ, ಆಯಿಲ್ ನೊರೆಯಾಗುತ್ತದೆ, ಸ್ಟಿಯರಿಂಗ್ ತಿರುಗಿಸಿದಾಗ 'ಗುಂಯ್' ಎಂಬ ಸದ್ದು ಏಳುತ್ತದೆ. ಪಂಪಿನ ಒಳಭಾಗಗಳಿಗೆ ಈ ಆಯಿಲ್ಲೇ ಜಿಡ್ಡು. ಅದಿಲ್ಲದೆ ಲೋಹ ಲೋಹಕ್ಕೆ ಉಜ್ಜಿ ಬಂದ ಪುಡಿ ಆಯಿಲ್ ಜೊತೆ ಹೊರಟು ರ‍್ಯಾಕ್‌ನ ವಾಲ್ವನ್ನೂ ಸೀಲನ್ನೂ ಕೆಡಿಸುತ್ತದೆ. ಗಾಳಿ ಸೇರಿದೆಯೇ ಎಂದು ತಿಳಿಯಲು ಟೊಯೊಟಾದ ದುರಸ್ತಿ ಕೈಪಿಡಿಗಳಲ್ಲಿ ಒಂದು ಸೊಗಸಾದ ಪರೀಕ್ಷೆಯಿದೆ: ಆಯಿಲ್ ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗ ಮಟ್ಟ ನೋಡಿ, ಆಫ್ ಮಾಡಿ ಮತ್ತೆ ನೋಡಬೇಕು, 5 ಮಿಲಿಮೀಟರಿಗಿಂತ ಹೆಚ್ಚು ಏರಿದರೆ ಒಳಗೆ ಗಾಳಿಯಿದೆ. ಖರ್ಚಿಲ್ಲದ, ಊಹೆಗೆ ಎಡೆಗೊಡದ ಈ ಪರೀಕ್ಷೆಯನ್ನು ಬಿಟ್ಟು ಬರೀ ಬಾಟಲಿ ಬಗ್ಗಿಸುವುದು ನನಗೆ ಒಪ್ಪಿಗೆಯಾಗದು. ಬಗ್ಗಿಸುವ ಬಾಟಲಿಯೂ ಸರಿಯಿರಬೇಕಲ್ಲ. ಬಿಡದಿಯಲ್ಲಿ ತಯಾರಾದ ಹಳೆಯ ಇನ್ನೋವಾಗಳಿಗೆ ಡೆಕ್ಸ್‌ರಾನ್ ದರ್ಜೆಯ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಆಯಿಲ್) ಹೊಂದುತ್ತದೆ. ಅದೇ ಎಲ್ಲ ಕಾರಿಗೂ ಆದೀತೆಂದಲ್ಲ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಹಾಕಿದರಂತೂ ಸೀಲುಗಳು ಊದಿ ಕೆಡುತ್ತವೆ. ಸೋರಿಕೆ ನಿಲ್ಲಿಸುತ್ತದೆ ಎಂದು ಮಾರುವ ಹೆಚ್ಚಿನ ದ್ರಾವಣಗಳೂ ರಬ್ಬರನ್ನು ಮೆತ್ತಗೆ ಮಾಡಿ ಊದಿಸುವಂಥವೇ. ಒಣಗಿ ಗಟ್ಟಿಯಾದ ಸೀಲಿಗೆ ಕೆಲಕಾಲ ಆಸರೆಯಾದಾವು, ಹರಿದದ್ದನ್ನು ಹೊಲಿಯಲಾರವು.

ಈಗಿನ ಕಾರುಗಳಲ್ಲಿ ಬಹುಪಾಲು ಎಲೆಕ್ಟ್ರಿಕ್ ಸ್ಟಿಯರಿಂಗ್ ಇರುವಾಗ ಈ ಚರ್ಚೆಯೇ ಹಳತಾಯಿತು ಎನ್ನುವವರಿದ್ದಾರೆ. ಹೊಸ ಕಾರು ಕೊಳ್ಳುವವರ ಮಟ್ಟಿಗೆ ಅದು ಸರಿ. ಆದರೆ ಬಾಡಿಗೆಗೆ ಓಡುವ ಹಳೆಯ ಇನ್ನೋವಾ, ಸುಮೊ, ಕ್ವಾಲಿಸ್‌ಗಳು ನಮ್ಮ ರಸ್ತೆಯಲ್ಲಿ ಇನ್ನೂ ಜನರನ್ನು ಹೊತ್ತು ತಿರುಗುತ್ತಿವೆ. ಆಯಿಲ್ ಪೂರ್ತಿ ಖಾಲಿಯಾದರೂ ಚಕ್ರಕ್ಕೂ ಸ್ಟಿಯರಿಂಗಿಗೂ ಇರುವ ನೇರ ಸಂಬಂಧ ಕಡಿಯುವುದಿಲ್ಲ, ಗಾಡಿ ತಿರುಗುತ್ತದೆ. ಆದರೆ ಆಗುಂಬೆಯ ಹೇರ್‌ಪಿನ್ ತಿರುವಿನ ನಡುವೆ ಸ್ಟಿಯರಿಂಗ್ ದಿಢೀರನೆ ಕಲ್ಲಾದರೆ ಚಾಲಕನ ಪಾಡೇನು?

ಇನ್ನೊಂದು ಆಕ್ಷೇಪ ದುಡ್ಡಿನದು, ಅದಕ್ಕೆ ತೂಕವಿದೆ. ರ‍್ಯಾಕ್ ಓವರ್‌ಹಾಲ್ ದುಬಾರಿ. ದಿನದ ದುಡಿಮೆ ನಂಬಿದವರಿಗೆ ಗಾಡಿ ನಿಂತಷ್ಟು ದಿನವೂ ನಷ್ಟವೇ. ಆದರೆ ಹುಡುಕಿದ ಮಾತ್ರಕ್ಕೆ ಓವರ್‌ಹಾಲ್ ಮಾಡಿಸಲೇಬೇಕೆಂದಿಲ್ಲ. ಹುಡುಕಿದರೆ ಸಿಗುವುದು ಸಡಿಲಾದ ಕ್ಲಿಪ್ ಆಗಿರಬಹುದು, ಬಿರುಕುಬಿಟ್ಟ ರಿಟರ್ನ್ ಪೈಪ್ ಆಗಿರಬಹುದು. ರ‍್ಯಾಕೇ ಜಿನುಗುತ್ತಿದೆ ಎಂದು ಖಚಿತವಾದರೆ, ಡಬ್ಬಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಕಿಲೋಮೀಟರ್ ಬರೆದಿಟ್ಟು, ಎಷ್ಟು ದಿನಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡುತ್ತಾ ಕೆಲಕಾಲ ತುಂಬಿಸಿಕೊಂಡು ಓಡಿಸುವುದನ್ನು ನಾನು ತಪ್ಪೆನ್ನಲಾರೆ. ಪಂಪಿನಿಂದ ಹೊರಡುವ ಪ್ರೆಶರ್ ಪೈಪ್ ಸೋರುತ್ತಿದ್ದರೆ ಮಾತ್ರ ಆ ರಿಯಾಯಿತಿ ಇಲ್ಲ. ಅದರ ಆಯಿಲ್ ಕಾದ ಎಕ್ಸಾಸ್ಟ್ ಮೇಲೆ ಚಿಮ್ಮಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಗಾಡಿಯನ್ನು ಪೈಪ್ ಬದಲಿಸುವವರೆಗೆ ಓಡಿಸಕೂಡದು.