ಕಡಲಿನ ಉಗಮವನ್ನು ಕುರಿತ ಎರಡು ಬರಹಗಳು

ಸಾಗರವಿಜ್ಞಾನದ ಪ್ರವೇಶಪಾಠವನ್ನು ಆರಂಭಿಸುವ ಅಧ್ಯಾಪಕರು ರೇಚೆಲ್ ಕಾರ್ಸನ್ ಅವರ ‘ದಿ ಸೀ ಅರೌಂಡ್ ಅಸ್’ (1951) ಎಂಬ ಗ್ರಂಥವನ್ನು ವಿದ್ಯಾರ್ಥಿಗಳ ಕೈಗಿಡುವುದು ಇಂದಿಗೂ ಉಂಟು. ಕಡಲನ್ನು ಕುರಿತು ಇಷ್ಟು ಹೃದ್ಯವಾಗಿ ಬರೆದವರು ವಿರಳ. ಆ ವಿಷಯದಲ್ಲಿ ನಮಗೆ ತಕರಾರಿಲ್ಲ. ನಮ್ಮ ಆಕ್ಷೇಪಣೆ ಅದರ ಮೊದಲನೆಯ ಅಧ್ಯಾಯಕ್ಕೆ ಮಾತ್ರ ಸಂಬಂಧಿಸಿದುದು.

ಆ ಅಧ್ಯಾಯದಲ್ಲಿ ಭೂಮಿಯು ಸೂರ್ಯನಿಂದ ಹರಿದುಬಂದ ಅನಿಲಗೋಳ; ಚಂದ್ರನು ಭೂಮಿಯಿಂದ ಕಿತ್ತುಹೋದ ತುಂಡು; ಪೆಸಿಫಿಕ್ ಸಾಗರದ ತಗ್ಗು ಆ ಗಾಯದ ಕುರುಹು. ಚಂದ್ರನ ಮಾತು ಜಾರ್ಜ್ ಡಾರ್ವಿನ್ನರದು. ಗಾಯದ ಮಾತನ್ನು 1882ರಲ್ಲಿ ಆಸ್ಮಂಡ್ ಫಿಷರ್ ಸೇರಿಸಿದರು. ಇವು ಇಂದು ನಿಲ್ಲತಕ್ಕವಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಚಂದ್ರನದು ಅದಕ್ಕಿಂತ ತುಸು ಕಡಿಮೆ. ಪೆಸಿಫಿಕ್ ತಳದ ಅತ್ಯಂತ ಹಳೆಯ ಶಿಲೆಗಾದರೋ 20 ಕೋಟಿ ವರ್ಷವೂ ತುಂಬಿಲ್ಲ. ಇಷ್ಟು ಎಳೆಯ ತಳವು ಅಷ್ಟು ಹಳೆಯ ಗಾಯದ ಗುರುತಾಗಲಾರದು.

ಆದರೆ ಹಳೆಯ ಪುಸ್ತಕದಲ್ಲಿ ಹಳೆಯ ಊಹೆ ಇದೆಯೆಂದು ದೂರುವುದು ವಿಮರ್ಶೆಯಲ್ಲ. ಕಾರ್ಸನ್ ಅವರು ಎಚ್ಚರ ತಪ್ಪಿದವರೂ ಅಲ್ಲ. ಕಣ್ಣಾರೆ ಕಂಡವರಿಲ್ಲದ ಸಂಗತಿ ಇದೆಂದು ಹೇಳಿಯೇ ಮುಂದುವರಿಯುತ್ತಾರೆ. ‘ಇರಬಹುದು’ ಎಂಬ ಮಾತನ್ನು ಬಿಡುವುದಿಲ್ಲ. ಆಧಾರವನ್ನೂ ಕೊಟ್ಟಿದ್ದಾರೆ: ಉಳಿದ ಸಾಗರಗಳ ತಳದಲ್ಲಿ ಗ್ರಾನೈಟಿನ ತೆಳುಪದರ ಉಂಟು, ಪೆಸಿಫಿಕ್ಕಿನಲ್ಲಿ ಬರಿಯ ಬಸಾಲ್ಟ್; ಆದುದರಿಂದ ಅಲ್ಲಿನ ಗ್ರಾನೈಟ್ ಚಂದ್ರನೊಡನೆ ಹೋಗಿರಬೇಕು. ನಮ್ಮ ದೃಷ್ಟಿಯಲ್ಲಿ ಇಡೀ ಅಧ್ಯಾಯದ ಜೀವಾಳ ಈ ಮಾತು. ಏಕೆಂದರೆ ಇದನ್ನು ಅಳೆದು ನೋಡಬಹುದು. ಅಳೆದೂ ಆಯಿತು. ಸ್ಫೋಟದ ಅಲೆಗಳನ್ನು ಕಡಲತಳದೊಳಕ್ಕೆ ಹಾಯಿಸಿ ಪರೀಕ್ಷಿಸಿದಾಗ ಅಟ್ಲಾಂಟಿಕ್ಕಿನ ಆಳದಲ್ಲಿಯೂ ಗ್ರಾನೈಟ್ ಪದರ ಸಿಕ್ಕಲಿಲ್ಲ. ಅಲ್ಲಿಯೂ ಭೂಚಿಪ್ಪು ಸುಮಾರು 7 ಕಿಲೋಮೀಟರ್ ದಪ್ಪದ, ಬಸಾಲ್ಟ್ ಜಾತಿಯದೇ. ಪೆಸಿಫಿಕ್ಕಿಗೆ ಈ ವಿಶೇಷವೇ ಇಲ್ಲವೆಂದ ಮೇಲೆ ಗಾಯದ ಕಥೆಗೆ ಇಂಬೆಲ್ಲಿ? ಇಂಥ ಮಾತನ್ನು ಲೇಖಕಿ ಒಂದೆರಡು ವಾಕ್ಯಗಳಲ್ಲಿ ದಾಟಿ, ತಮ್ಮ ವರ್ಣನಾಶಕ್ತಿಯನ್ನೆಲ್ಲ ಚಂದ್ರನು ಕಿತ್ತುಹೋಗುವ ದೃಶ್ಯಕ್ಕೆ ಧಾರೆಯೆರೆದಿದ್ದಾರೆ. ಓದುಗನ ಮನಸ್ಸಿನಲ್ಲಿ ದೃಶ್ಯ ಉಳಿಯುತ್ತದೆ, ‘ಇರಬಹುದು’ ಅಳಿಯುತ್ತದೆ. ಉತ್ತರಪತ್ರಿಕೆಗಳಲ್ಲಿ ಈ ಊಹೆ ಸಿದ್ಧಾಂತವಾಗಿ ನಿಂತುಬಿಡುವುದನ್ನು ನಾವು ಕಂಡಿದ್ದೇವೆ.

ಇದರ ಪಕ್ಕದಲ್ಲಿ ಹ್ಯಾರಿ ಹೆಸ್ ಅವರ ‘ಹಿಸ್ಟರಿ ಆಫ್ ಓಷನ್ ಬೇಸಿನ್ಸ್’ (1962) ಎಂಬ ಪ್ರಬಂಧವನ್ನಿಟ್ಟು ನೋಡಬೇಕು. ಇದು ಪ್ರವೇಶಪಾಠಕ್ಕೆಂದು ಬರೆದುದಲ್ಲ, ಗದ್ಯವೂ ಬಿರುಸು. ಆದರೂ ಅದನ್ನು ಭೂಕಾವ್ಯವೆಂದು ಅವರೇ ಕರೆದುಕೊಂಡರು. (ನಮ್ಮ ಕಾವ್ಯಮೀಮಾಂಸಕರು ಒಪ್ಪುವರೋ ಕಾಣೆವು.) ಸಾಗರಮಧ್ಯದ ಪರ್ವತಶ್ರೇಣಿಗಳ ಅಡಿಯಲ್ಲಿ ಮ್ಯಾಂಟಲಿನ ಬಿಸಿಶಿಲೆ ಮೇಲೇರಿ, ಹೊಸ ತಳವಾಗಿ, ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಎರಡು ಪಕ್ಕಕ್ಕೂ ಸರಿದು, ಕೊನೆಗೆ ಮತ್ತೆ ಒಳಗಿಳಿಯುತ್ತದೆ ಎಂಬುದು ಅವರ ಊಹೆ. ಊಹೆಯೆಂದು ಹೇಳಿ ಸುಮ್ಮನಾಗದೆ, ಅದರಿಂದ ಏನು ಫಲಿಸಬೇಕೆಂಬುದನ್ನೂ ಮುಂದಿಡುತ್ತಾರೆ: ಕಡಲತಳದ ಕೆಸರಿನ ಪದರ ಅಷ್ಟು ತೆಳುವಾಗಿರುವುದೇಕೆ, ಮುಳುಗಿದ ಅಗ್ನಿಪರ್ವತಗಳಲ್ಲಿ ಬಹು ಪ್ರಾಚೀನವಾದವು ದೊರೆಯದಿರುವುದೇಕೆ. ಹೆಸ್ ಅವರೂ ತಪ್ಪಿದ್ದಾರೆ. ಸಾಗರದಡಿಯ ಭೂಚಿಪ್ಪಿನ ಕೆಳಪದರವು ನೀರಿನಿಂದ ಮಾರ್ಪಟ್ಟ ಸರ್ಪೆಂಟಿನ್ ಶಿಲೆಯೆಂದರು; ಅದು ಬಹುಮಟ್ಟಿಗೆ ಗ್ಯಾಬ್ರೋ ಎಂದು ಈಗ ತಿಳಿದಿದೆ. ಆ ಒಂದು ಕಲ್ಲನ್ನು ತೆಗೆದರೂ ಕಟ್ಟಡ ಬೀಳಲಿಲ್ಲ.

ಪರೀಕ್ಷೆಯೂ ತಡವಾಗಲಿಲ್ಲ. 1962ರಲ್ಲಿ ‘ಓವೆನ್’ ಎಂಬ ಬ್ರಿಟಿಷ್ ನೌಕೆಯು ಅರಬ್ಬೀ ಸಮುದ್ರದ ಆಚೆಗೆ, ಹಿಂದೂ ಮಹಾಸಾಗರದ ವಾಯವ್ಯಭಾಗದಲ್ಲಿರುವ ಕಾರ್ಲ್ಸ್‌ಬರ್ಗ್ ಶ್ರೇಣಿಯ ಮೇಲೆ ಕಾಂತತ್ವವನ್ನು ಅಳೆಯಿತು. ಹೊಸ ತಳವು ತಣಿಯುವಾಗ ಭೂಕಾಂತದ ದಿಕ್ಕನ್ನು ಮುದ್ರಿಸಿಕೊಳ್ಳುವುದೆಂದೂ, ಆ ದಿಕ್ಕು ಆಗಾಗ ತಿರುಗುಮುರುಗಾಗುವುದರಿಂದ ತಳದಲ್ಲಿ ಪಟ್ಟೆಗಳು ಮೂಡುವುವೆಂದೂ ಆ ಅಳತೆಗಳನ್ನು ಆಧರಿಸಿ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಸೂಚಿಸಿದರು. 1968ರ ಕೊನೆಯಲ್ಲಿ ದಕ್ಷಿಣ ಅಟ್ಲಾಂಟಿಕ್ಕಿಗೆ ಹೋದ ‘ಗ್ಲೋಮರ್ ಚಾಲೆಂಜರ್’ ನೌಕೆ ಕೊರೆದ ರಂಧ್ರಗಳಲ್ಲಿ, ಶ್ರೇಣಿಯಿಂದ ದೂರ ಹೋದಷ್ಟೂ ತಳದ ವಯಸ್ಸು ಏರುತ್ತಹೋದುದು ಕಂಡಿತು.

ಹೆಸ್ ಅವರ ಪ್ರಬಂಧ ಮೊದಲ ವರ್ಷದ ವಿದ್ಯಾರ್ಥಿಗೆ ಕಠಿನವೆಂಬುದು ನಿಜ. ಕಾರ್ಸನ್ ಅವರನ್ನು ಕೈಬಿಟ್ಟು ಅದನ್ನೇ ಓದಿಸಬೇಕೆಂಬುದು ನಮ್ಮ ವಾದವಲ್ಲ. ಮೊದಲ ಅಧ್ಯಾಯವನ್ನು ಓದಿಸುವಾಗ ಗ್ರಾನೈಟಿನ ಮಾತು ಬಂದೊಡನೆ ಪಾಠವನ್ನು ನಿಲ್ಲಿಸಿ, ಇದು ಸುಳ್ಳೆಂದು ತೋರಿಸಲು ಎಲ್ಲಿಗೆ ಹೋಗಿ ಏನನ್ನು ಅಳೆಯಬೇಕೆಂದು ತರಗತಿಯನ್ನು ಕೇಳಿದರೆ ಸಾಕು.